ಲಿಫ್ಟ್, ಸೇತುವೆ, ಬಸ್, ಸ್ಕ್ಯಾನ್: ಈ ಭಯಕ್ಕೆ ಬೈಗುಳವೂ ಬೇಡ, ತಾಯತವೂ ಬೇಡ

ಲಿಫ್ಟ್‌ಗೆ ಹೆದರುವವರನ್ನು ಒಮ್ಮೆ ಒಳಗೆ ತಳ್ಳಿ ಬಾಗಿಲು ಹಾಕಿಬಿಡಿ, ಭಯ ತಾನಾಗಿಯೇ ಬಿಡುತ್ತದೆ. ಸೇತುವೆ ಮೇಲೆ ಎದೆ ಹೊಡೆದುಕೊಂಡರೆ ಗಾಳಿ ಸೋಕಿದೆ ಎಂದರ್ಥ, ತಾಯತ ಕಟ್ಟಿಸಿ. ಗಾಬರಿಯಾದಾಗ ಮೂಗು ಬಾಯಿಗೆ ಪೇಪರ್ ಕವರ್ ಹಿಡಿದು ಉಸಿರಾಡಿ. ಇಂಥ ಸಲಹೆಗಳು ಮನೆಯ ಗ್ರೂಪಿನಿಂದ ಓಣಿಯ ಗ್ರೂಪಿಗೆ, ಅಲ್ಲಿಂದ ಆಫೀಸಿನ ಗ್ರೂಪಿಗೆ ಹೋಗುತ್ತಲೇ ಇರುತ್ತವೆ. ಮೂರೂ ತಪ್ಪು. ಮೊದಲನೆಯದರಿಂದ ಭಯ ಇನ್ನಷ್ಟು ಬೇರೂರಬಹುದು. ಎರಡನೆಯದರಿಂದ ಚಿಕಿತ್ಸೆ ತಡವಾಗುತ್ತದೆ. ಮೂರನೆಯದು ಆಸ್ತಮಾ ಅಥವಾ ಹೃದಯದ ತೊಂದರೆ ಇರುವವರಿಗೆ ಅಪಾಯ.

ನಿಜ ಸಂಗತಿ ಹೀಗಿದೆ. ಒಂದು ನಿರ್ದಿಷ್ಟ ಸನ್ನಿವೇಶಕ್ಕೆ ಮಾತ್ರ ಹುಟ್ಟುವ ಅತಿಯಾದ ಭಯಕ್ಕೆ ಸನ್ನಿವೇಶ ಫೋಬಿಯಾ ಎನ್ನುತ್ತಾರೆ. ಅದನ್ನು ಗುರುತಿಸಲು ಸ್ಪಷ್ಟ ಲಕ್ಷಣಗಳಿವೆ. ಮಾನಸಿಕ ತೊಂದರೆಗಳಲ್ಲಿ ಚಿಕಿತ್ಸೆಗೆ ಚೆನ್ನಾಗಿ ಬಗ್ಗುವವುಗಳಲ್ಲಿ ಇದೂ ಒಂದು, ಹಲವರಿಗೆ ಮಾತ್ರೆಯೇ ಬೇಕಾಗುವುದಿಲ್ಲ. ಆದರೆ ತಪ್ಪಿಸಿಕೊಂಡಷ್ಟೂ ಅದು ಬೆಳೆಯುತ್ತದೆ.

ಯಾವುದು ಸನ್ನಿವೇಶ ಫೋಬಿಯಾ?

ಲಿಫ್ಟ್, ಸುರಂಗ, ಬಾಗಿಲು ಮುಚ್ಚಿದ ಸಣ್ಣ ಕೋಣೆ, ಎಂಆರ್‌ಐ ಯಂತ್ರ, ಸೇತುವೆ, ವಿಮಾನ, ಬಸ್, ಕಾರು ಓಡಿಸುವುದು ಇವೆಲ್ಲ ಈ ಪಟ್ಟಿಯಲ್ಲಿ ಬರುತ್ತವೆ. ಹಾವು, ನಾಯಿ, ಜಿರಳೆಯ ಭಯ ಬೇರೆ ಗುಂಪು. ಗುಡುಗು, ನೀರಿನ ಭಯ ಇನ್ನೊಂದು. ರಕ್ತ ಮತ್ತು ಇಂಜೆಕ್ಷನ್ ಭಯ ಮತ್ತೊಂದು.

ಶಿವಮೊಗ್ಗ ಜಿಲ್ಲೆಯವರಿಗೆ ಈ ಸನ್ನಿವೇಶಗಳು ದೂರದವಲ್ಲ. ಭದ್ರಾವತಿ ಊರಿನ ನಡುವೆಯೇ ಭದ್ರೆ ಹರಿಯುತ್ತಾಳೆ. ಅಲ್ಲಿಂದ ಬಸ್ಸಿನಲ್ಲಿ ಶಿವಮೊಗ್ಗ ನಿಲ್ದಾಣಕ್ಕೆ ಬರಬೇಕಾದರೆ ತುಂಗಾ ಸೇತುವೆ ದಾಟಲೇಬೇಕು. ಸಿಗಂದೂರಿಗೆ ಹೋಗುವವರು ಹಿಂದೆ ಶರಾವತಿ ಹಿನ್ನೀರನ್ನು ಲಾಂಚ್‌ನಲ್ಲಿ ದಾಟುತ್ತಿದ್ದರು. 2025ರ ಜುಲೈನಿಂದ ಅಲ್ಲಿ ಸುಮಾರು 2.4 ಕಿಲೋಮೀಟರ್ ಉದ್ದದ ಸೇತುವೆ ಇದೆ. ಸೋಗಾನೆಯ ವಿಮಾನ ನಿಲ್ದಾಣ 2023ರ ಫೆಬ್ರುವರಿ 27ರಂದು ಉದ್ಘಾಟನೆಯಾಯಿತು. ಅಪಾರ್ಟ್‌ಮೆಂಟು, ಆಸ್ಪತ್ರೆ, ಮಾಲ್‌ಗಳ ಜೊತೆ ಲಿಫ್ಟೂ ಬಂದಿದೆ. ಮೊದಲು ಎದುರಾಗದೇ ಇದ್ದ ಭಯ ಈಗ ಎದುರಾಗುತ್ತಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗದಲ್ಲಿ 22 ದೇಶಗಳಲ್ಲಿ ನಡೆದ ಸಮೀಕ್ಷೆಗಳ ಪ್ರಕಾರ, ಶೇ 7.4ರಷ್ಟು ಜನರಿಗೆ ಬದುಕಿನ ಒಂದಲ್ಲ ಒಂದು ಹಂತದಲ್ಲಿ ಯಾವುದಾದರೂ ನಿರ್ದಿಷ್ಟ ಫೋಬಿಯಾ ಇರುತ್ತದೆ. ಇದರಲ್ಲಿ ಹಾವು, ನಾಯಿಯ ಭಯವೂ ಸೇರಿದೆ. ಅದೇ ಲೆಕ್ಕದಲ್ಲಿ ನೋಡಿದರೆ ನೂರು ಜನರ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಏಳು ಜನ. ಪುರುಷರಿಗಿಂತ ಮಹಿಳೆಯರಲ್ಲಿ ಇದು ಹೆಚ್ಚು. ಪ್ರಾಣಿಗಳ ಭಯ ಸಾಮಾನ್ಯವಾಗಿ ಚಿಕ್ಕಂದಿನಲ್ಲೇ ಶುರುವಾದರೆ, ಲಿಫ್ಟ್, ಬಸ್, ವಿಮಾನದ ಭಯ ಹಲವರಲ್ಲಿ ದೊಡ್ಡವರಾದ ಮೇಲೆ ಕಾಣಿಸಿಕೊಳ್ಳುತ್ತದೆ. ಹಾಗಾಗಿ "ಇಷ್ಟು ವರ್ಷ ಇಲ್ಲದ್ದು ಈಗ್ಯಾಕೆ ಬಂತು, ನಾಟಕ" ಎಂದು ಹಂಗಿಸುವುದು ಸರಿಯಲ್ಲ.

ಒಳಗೆ ಏನಾಗುತ್ತದೆ?

ಅಪಾಯ ಕಂಡಾಗ ಓಡಲು ಅಥವಾ ಎದುರಿಸಲು ದೇಹ ಸಿದ್ಧವಾಗುತ್ತದೆ. ಅಡ್ರಿನಲಿನ್ ಬಿಡುಗಡೆಯಾಗಿ ಎದೆಬಡಿತ ಏರುತ್ತದೆ, ಬೆವರು ಬರುತ್ತದೆ, ಕೈಕಾಲು ನಡುಗುತ್ತವೆ. ಫೋಬಿಯಾದಲ್ಲಿ ಈ ಎಚ್ಚರಿಕೆಯ ಗಂಟೆ ನಿಜವಾದ ಅಪಾಯ ಇಲ್ಲದಿದ್ದರೂ ಬಾರಿಸುತ್ತದೆ. ಗಂಟೆ ಸುಳ್ಳು, ಆದರೆ ಅನುಭವಿಸುವ ಸಂಕಟ ನಿಜ.

ಆಗ ವ್ಯಕ್ತಿ ಬಸ್ಸಿನಿಂದ ಇಳಿದುಬಿಡುತ್ತಾರೆ ಅಥವಾ ಮೆಟ್ಟಿಲು ಹತ್ತಿ ಹೋಗುತ್ತಾರೆ. ತಕ್ಷಣ ನೆಮ್ಮದಿ ಸಿಗುತ್ತದೆ. ತೊಂದರೆ ಬೇರೂರುವುದು ಇಲ್ಲೇ. ಇಳಿದದ್ದರಿಂದಲೇ ಬದುಕಿಕೊಂಡೆ ಎಂದು ಮೆದುಳು ಪಾಠ ಕಲಿಯುತ್ತದೆ. ಇಳಿಯದೇ ಇದ್ದಿದ್ದರೂ ಏನೂ ಆಗುತ್ತಿರಲಿಲ್ಲ ಎಂಬುದನ್ನು ತಿಳಿಯುವ ಅವಕಾಶವೇ ಅದಕ್ಕೆ ಸಿಗುವುದಿಲ್ಲ. ಮುಂದಿನ ಸಲ ಭಯ ಇನ್ನೂ ಬೇಗ, ಇನ್ನೂ ಜೋರಾಗಿ ಬರುತ್ತದೆ.

ಮೂರು ತಪ್ಪು ತಿಳಿವಳಿಕೆಗಳನ್ನು ಇಲ್ಲೇ ಸರಿಪಡಿಸಿಕೊಳ್ಳಬಹುದು.

ಲಿಫ್ಟ್ ನಿಂತರೆ ಗಾಳಿ ಮುಗಿದು ಉಸಿರು ಕಟ್ಟುತ್ತದೆಯೇ? ಇಲ್ಲ. ಲಿಫ್ಟ್ ಗಾಳಿಯಾಡದ ಡಬ್ಬಿಯಲ್ಲ, ಗಾಳಿ ಓಡಾಡಲು ಕಿಂಡಿಗಳಿರುತ್ತವೆ. ಹಗ್ಗ ತುಂಡಾದರೂ ಕೆಳಗೆ ಬೀಳದಂತೆ ಹಿಡಿಯುವ ಸುರಕ್ಷಾ ಬ್ರೇಕನ್ನು ಎಲಿಷಾ ಓಟಿಸ್ 1854ರಲ್ಲೇ ನ್ಯೂಯಾರ್ಕಿನಲ್ಲಿ ಜನರೆದುರು ತೋರಿಸಿದ್ದರು. ಲಿಫ್ಟ್ ಕೆಟ್ಟು ನಿಂತರೆ ಅಲಾರಾಂ ಒತ್ತಿ ಒಳಗೇ ಕಾಯಬೇಕು. ಬಾಗಿಲು ಮೀಟಿ ಹೊರಗೆ ಹಾರಲು ಹೋಗುವುದೇ ನಿಜವಾದ ಅಪಾಯ.

ಭಯಕ್ಕೆ ಮೂರ್ಛೆ ಹೋಗುತ್ತೇನೆಯೇ? ಲಿಫ್ಟ್, ಸೇತುವೆಯಂಥ ಭಯದಲ್ಲಿ ಎದೆಬಡಿತ, ರಕ್ತದೊತ್ತಡ ಎರಡೂ ಏರುತ್ತವೆ. ಮೂರ್ಛೆ ಬರುವುದು ಸಾಮಾನ್ಯವಾಗಿ ರಕ್ತದೊತ್ತಡ ಇಳಿದಾಗ. ರಕ್ತ, ಇಂಜೆಕ್ಷನ್ ಭಯದಲ್ಲಿ ಹಾಗೆ ಆಗಬಹುದು. ಸನ್ನಿವೇಶ ಫೋಬಿಯಾದಲ್ಲಿ ಅಪರೂಪ.

ತಲೆ ತಿರುಗುವುದು, ಬೆರಳು ಜುಮ್ಮೆನ್ನುವುದು ಆಮ್ಲಜನಕ ಕಡಿಮೆಯಾಗಿದ್ದಕ್ಕೇ? ಹೆಚ್ಚಿನ ಸಲ ಅಲ್ಲ. ಗಾಬರಿಯಲ್ಲಿ ಬೇಗ ಬೇಗ ಉಸಿರಾಡಿದಾಗ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ, ಅದರಿಂದ ಹೀಗಾಗುತ್ತದೆ. ನಿಧಾನವಾಗಿ, ಉದ್ದಕ್ಕೆ ಉಸಿರು ಬಿಟ್ಟರೆ ಸಾಕು. ಕವರ್ ಬೇಡ.

ಒಂದು ಎಚ್ಚರಿಕೆ: ಮೊದಲ ಸಲ ಎದೆನೋವು, ಉಸಿರಾಟದ ಕಷ್ಟ ಬಂದರೆ, ಅದರಲ್ಲೂ ವಯಸ್ಸಾದವರು, ಬಿಪಿ, ಶುಗರ್ ಇರುವವರಾದರೆ, "ಅದು ಭಯ ಅಷ್ಟೇ" ಎಂದು ಮನೆಯಲ್ಲೇ ತೀರ್ಮಾನಿಸಬೇಡಿ. ಮೊದಲು ಆಸ್ಪತ್ರೆ, ಇಸಿಜಿ. ಫೋಬಿಯಾದ ಮಾತು ಆಮೇಲೆ.

ವೈದ್ಯರು ಹೇಗೆ ಗುರುತಿಸುತ್ತಾರೆ?

ಇದಕ್ಕೆ ರಕ್ತ ಪರೀಕ್ಷೆ, ಸ್ಕ್ಯಾನ್ ಇಲ್ಲ. ಮಾತುಕತೆಯೇ ಪರೀಕ್ಷೆ. ವೈದ್ಯರು ಮುಖ್ಯವಾಗಿ ನೋಡುವುದು ಇಷ್ಟನ್ನು. ಭಯ ಒಂದು ನಿರ್ದಿಷ್ಟ ಸನ್ನಿವೇಶಕ್ಕೆ ಅಂಟಿಕೊಂಡಿದೆಯೇ? ಆ ಸನ್ನಿವೇಶ ಬಂದಾಗಲೆಲ್ಲ ತಕ್ಷಣ ಭಯ ಹುಟ್ಟುತ್ತದೆಯೇ? ನಿಜವಾದ ಅಪಾಯಕ್ಕೆ ಹೋಲಿಸಿದರೆ ಭಯ ವಿಪರೀತವೇ? ವ್ಯಕ್ತಿ ಅದನ್ನು ತಪ್ಪಿಸಿಕೊಳ್ಳುತ್ತಿದ್ದಾರೆಯೇ, ಇಲ್ಲವೇ ಹಲ್ಲು ಕಚ್ಚಿ ಸಹಿಸುತ್ತಿದ್ದಾರೆಯೇ? ಓದು, ಕೆಲಸ, ಸಂಸಾರಕ್ಕೆ ಪೆಟ್ಟು ಬಿದ್ದಿದೆಯೇ? ಎಷ್ಟು ಕಾಲದಿಂದ ಇದೆ? ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ಸಾಮಾನ್ಯವಾಗಿ 6 ತಿಂಗಳು ಅಥವಾ ಹೆಚ್ಚು ಎನ್ನುತ್ತದೆ.

ಭದ್ರಾವತಿಯ ಒಬ್ಬ ಹುಡುಗಿ ಶಿವಮೊಗ್ಗದ ಕಾಲೇಜಿಗೆ ಸೇರಿದ್ದಾಳೆ ಎಂದುಕೊಳ್ಳಿ. ಸೇತುವೆ ಹತ್ತಿರ ಬಂದಾಗ ಅವಳ ಎದೆ ಢವಢವ ಎಂದರೂ ಕಣ್ಣು ಮುಚ್ಚಿ ದಾಟಿ ದಿನವೂ ಕಾಲೇಜಿಗೆ ಹೋಗುತ್ತಿದ್ದರೆ, ಅದರಿಂದ ಬೇರೆ ತೊಂದರೆ ಇಲ್ಲದಿದ್ದರೆ, ಅದು ಬರೀ ಭಯ. ಅದೇ ಕಾರಣಕ್ಕೆ ಬಸ್ ಬಿಟ್ಟು, ಹಾಜರಿ ಕಡಿಮೆಯಾಗಿ, ಪರೀಕ್ಷೆಗೂ ಹೋಗದೆ ಮನೆಯಲ್ಲಿ ಕುಳಿತರೆ ಅದು ಚಿಕಿತ್ಸೆ ಬೇಕಾದ ತೊಂದರೆ. ಭಯ ಎಷ್ಟಿದೆ ಎಂಬುದರ ಜೊತೆಗೆ ಅದು ಬದುಕಿನಿಂದ ಏನನ್ನು ಕಿತ್ತುಕೊಂಡಿದೆ ಎಂಬುದನ್ನೂ ವೈದ್ಯರು ಅಳೆಯುತ್ತಾರೆ.

ಫೋಬಿಯಾದಂತೆಯೇ ಕಾಣುವ, ಆದರೆ ಬೇರೆಯಾದ ತೊಂದರೆಗಳೂ ಇವೆ. ಬಸ್ಸಿನಲ್ಲಿ ಮಾತ್ರವಲ್ಲ, ಸಂತೆಯಲ್ಲಿ, ಸಾಲಿನಲ್ಲಿ ನಿಂತಾಗ, ಒಬ್ಬರೇ ಮನೆಯಿಂದ ಹೊರಟಾಗ ಹೀಗೆ ಹಲವು ಕಡೆ ಭಯವಾದರೆ ಅದು ಅಗೋರಾಫೋಬಿಯಾ ಇರಬಹುದು. ಯಾವ ಕಾರಣವೂ ಇಲ್ಲದೆ, ಮನೆಯಲ್ಲಿ ಕುಳಿತಿದ್ದಾಗಲೂ ಗಾಬರಿ ಅಪ್ಪಳಿಸಿದರೆ ಪ್ಯಾನಿಕ್ ಡಿಸಾರ್ಡರ್ ಇರಬಹುದು. ಅಪಘಾತವಾದ ಮೇಲೆ ಆ ದೃಶ್ಯ ಮತ್ತೆ ಮತ್ತೆ ಕಣ್ಣೆದುರು ಬರುವುದು, ಕೆಟ್ಟ ಕನಸು ಬೀಳುವುದು ಆಘಾತದ ನಂತರದ ತೊಂದರೆಯ ಲಕ್ಷಣ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ವಾಂತಿ ಬಂದರೆ ಅದು ಪ್ರಯಾಣದ ವಾಕರಿಕೆ, ಫೋಬಿಯಾ ಅಲ್ಲ. ಕಿವಿಯ ತೊಂದರೆಯಿಂದ ಬರುವ ತಲೆಸುತ್ತು, ಥೈರಾಯ್ಡ್ ಹೆಚ್ಚಾಗಿ ಬರುವ ಎದೆಬಡಿತವನ್ನೂ ವೈದ್ಯರು ಪರಿಶೀಲಿಸುತ್ತಾರೆ. ಇವುಗಳ ಚಿಕಿತ್ಸೆ ಬೇರೆ ಬೇರೆ, ಆದ್ದರಿಂದ ಮೊಬೈಲಿನಲ್ಲಿ ಬರುವ ಹತ್ತು ಪ್ರಶ್ನೆಗಳ ಕ್ವಿಜ್ ನೋಡಿ ನಿಮಗೆ ನೀವೇ ಹೆಸರು ಹಚ್ಚಿಕೊಳ್ಳಬೇಡಿ.

ಚಿಕಿತ್ಸೆ: ಏಣಿ ಹತ್ತುವ ಹಾಗೆ

ಫೋಬಿಯಾಕ್ಕೆ ಎಲ್ಲಕ್ಕಿಂತ ಗಟ್ಟಿ ಆಧಾರ ಇರುವ ಚಿಕಿತ್ಸೆ ಎಕ್ಸ್‌ಪೋಷರ್. ಅಂದರೆ ಭಯಪಡುವ ಸನ್ನಿವೇಶಕ್ಕೆ ಹಂತ ಹಂತವಾಗಿ, ಒಪ್ಪಿಗೆಯಿಂದ, ಯೋಜನೆ ಹಾಕಿಕೊಂಡು ಮುಖ ಕೊಡುವುದು. ಇದು ಹೊಸದಲ್ಲ. 1924ರಲ್ಲೇ ಮೇರಿ ಕವರ್ ಜೋನ್ಸ್ ಎಂಬ ಮನೋವಿಜ್ಞಾನಿ ಮೊಲಕ್ಕೆ ಹೆದರುತ್ತಿದ್ದ ಮಗುವಿನ ಹತ್ತಿರ ಮೊಲವನ್ನು ಸ್ವಲ್ಪ ಸ್ವಲ್ಪವೇ ತಂದು, ಜೊತೆಗೆ ಇಷ್ಟದ ತಿಂಡಿ ಕೊಟ್ಟು ಭಯ ಬಿಡಿಸಿದ್ದರು. 1958ರಲ್ಲಿ ಜೋಸೆಫ್ ವೋಲ್ಪೆ ಇದನ್ನು ವ್ಯವಸ್ಥಿತ ಚಿಕಿತ್ಸೆಯಾಗಿ ರೂಪಿಸಿ ಪುಸ್ತಕ ಬರೆದರು. 1989ರಲ್ಲಿ ಸ್ವೀಡನ್ನಿನ ಲಾರ್ಸ್-ಗೋರಾನ್ ಓಸ್ಟ್, ಕೆಲವು ನಿರ್ದಿಷ್ಟ ಫೋಬಿಯಾಗಳಿಗೆ ಗರಿಷ್ಠ 3 ಗಂಟೆಯ ಒಂದೇ ಬೈಠಕ್ಕಿನ ಚಿಕಿತ್ಸೆಯನ್ನು ವಿವರಿಸಿದರು.

ಹಾಗಾದರೆ ಲಿಫ್ಟಿಗೆ ತಳ್ಳಿ ಬಾಗಿಲು ಹಾಕುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? ಇಲ್ಲಿ ಮುಂದಿನ ಹೆಜ್ಜೆ ಯಾವುದು, ಯಾವಾಗ ಎಂಬುದು ಹೆದರುವವರ ಕೈಯಲ್ಲೇ ಇರುತ್ತದೆ. ತಳ್ಳಿದಾಗ ಅವರು ಕಲಿಯುವ ಪಾಠ ಎರಡು: ಲಿಫ್ಟ್ ಭಯಂಕರ, ಮನೆಯವರನ್ನು ನಂಬುವಂತಿಲ್ಲ.

ಸೇತುವೆ ಭಯಕ್ಕೆ ಚಿಕಿತ್ಸಕರ ಜೊತೆ ಹಾಕಿಕೊಳ್ಳಬಹುದಾದ ಒಂದು ಏಣಿ ಹೀಗಿರುತ್ತದೆ. ಭಯಕ್ಕೆ 0ಯಿಂದ 10ರವರೆಗೆ ಅಂಕ ಕೊಡಿ.

1. ಸೇತುವೆ ದಾಟುವ ವಿಡಿಯೊ ನೋಡುವುದು (ಭಯ 2)
2. ಸೇತುವೆಯ ಒಂದು ತುದಿಯಲ್ಲಿ ಜೊತೆಗಾರರೊಂದಿಗೆ ನಿಂತು ನೋಡುವುದು (3)
3. ಹಗಲಿನಲ್ಲಿ, ಕಾಲುದಾರಿ ಇರುವ ಕಡೆ, ಅರ್ಧ ಸೇತುವೆಯವರೆಗೆ ನಡೆದು ಮರಳುವುದು (5)
4. ಜೊತೆಗಾರರೊಂದಿಗೆ ಪೂರ್ತಿ ನಡೆದು ದಾಟುವುದು (6)
5. ಒಬ್ಬರೇ ನಡೆದು ದಾಟುವುದು (7)
6. ಆಟೊದಲ್ಲಿ ದಾಟುವುದು (7)
7. ಬಸ್ಸಿನಲ್ಲಿ ಜೊತೆಗಾರರೊಂದಿಗೆ, ಕಿಟಕಿ ಪಕ್ಕ ಕುಳಿತು ದಾಟುವುದು (8)
8. ಬಸ್ಸಿನಲ್ಲಿ ಒಬ್ಬರೇ ದಾಟುವುದು (9)

ಒಂದೊಂದು ಮೆಟ್ಟಿಲನ್ನೂ ಭಯ ಸಾಕಷ್ಟು ಇಳಿಯುವವರೆಗೆ ಅಥವಾ "ಹೆದರಿದ್ದು ಆಗಲಿಲ್ಲ" ಎಂದು ಮನದಟ್ಟಾಗುವವರೆಗೆ ಮತ್ತೆ ಮತ್ತೆ ಮಾಡಬೇಕು. ವಾರಕ್ಕೊಮ್ಮೆ ಮಾಡುವುದಕ್ಕಿಂತ ವಾರದಲ್ಲಿ ಹಲವು ದಿನ ಮಾಡಿದರೆ ಒಳ್ಳೆಯದು. ಒಂದು ಮೆಟ್ಟಿಲು ಕಷ್ಟವಾದರೆ ಏಣಿಯಿಂದಲೇ ಇಳಿಯಬೇಕಿಲ್ಲ, ನಡುವೆ ಇನ್ನೊಂದು ಸಣ್ಣ ಮೆಟ್ಟಿಲು ಸೇರಿಸಿಕೊಳ್ಳಿ. ಮಳೆಗಾಲದಲ್ಲಿ ಹೊಳೆ ತುಂಬಿ ಸೇತುವೆ ಮೇಲೆ ನೀರು ಬಂದಾಗ ದಾಟದಿರುವುದು ಫೋಬಿಯಾ ಅಲ್ಲ, ವಿವೇಕ. ಅಂಥ ದಿನ ಅಭ್ಯಾಸವೂ ಬೇಡ.

ಔಷಧದ ಪಾತ್ರ ಚಿಕ್ಕದು. ಅಲ್ಪ್ರಾಜೊಲಾಮ್‌ನಂಥ ಮಾತ್ರೆಗಳು ಆ ಹೊತ್ತಿಗೆ ಗಾಬರಿ ಇಳಿಸುತ್ತವೆ, ಆದರೆ ಮಾತ್ರೆಯಿಂದಲೇ ಬದುಕಿದೆ ಎಂಬ ಹೊಸ ತಪ್ಪು ಪಾಠ ಕಲಿಸುತ್ತವೆ. ಚಟವೂ ಹತ್ತಬಹುದು. ವೈದ್ಯರ ಚೀಟಿಯಿಲ್ಲದೆ ಅವನ್ನು ಮಾರುವಂತಿಲ್ಲ, ಪಕ್ಕದ ಮನೆಯವರ ಮಾತ್ರೆ ಎರವಲು ಪಡೆಯುವಂತೆಯೂ ಇಲ್ಲ. ಧೈರ್ಯಕ್ಕೆಂದು ಕುಡಿದು ಬಸ್ ಹತ್ತುವುದಕ್ಕೂ ಇದೇ ಮಾತು. ಜೊತೆಗೆ ಖಿನ್ನತೆ ಅಥವಾ ಪ್ಯಾನಿಕ್ ಇದ್ದರೆ ವೈದ್ಯರು ಬೇರೆ ಔಷಧ ಕೊಡಬಹುದು.

ಎಂಆರ್‌ಐ ಮುಂದಿದ್ದರೆ

ಈ ಭಯದಿಂದ ದೊಡ್ಡ ನಷ್ಟವಾಗುವ ಜಾಗ ಇದು. ಬೆನ್ನುಹುರಿ, ಮೆದುಳಿನ ಕಾಯಿಲೆ ಪತ್ತೆಗೆ ವೈದ್ಯರು ಬರೆದುಕೊಟ್ಟ ಸ್ಕ್ಯಾನನ್ನು ಭಯದಿಂದ ಅರ್ಧಕ್ಕೆ ಬಿಟ್ಟು ಬಂದರೆ ನಿಜವಾದ ಕಾಯಿಲೆ ಒಳಗೇ ಉಳಿಯುತ್ತದೆ. ನಾಚಿಕೊಳ್ಳದೆ ಮೊದಲೇ ಹೇಳಿ: "ನನಗೆ ಮುಚ್ಚಿದ ಜಾಗ ಆಗುವುದಿಲ್ಲ." ಯಂತ್ರದ ಕೊಳವೆ ಎರಡೂ ತುದಿಯಲ್ಲಿ ತೆರೆದಿರುತ್ತದೆ. ಕೈಯಲ್ಲಿ ಒತ್ತುವ ಬಲೂನು ಕೊಡುತ್ತಾರೆ, ಒತ್ತಿದರೆ ಸಿಬ್ಬಂದಿ ಬರುತ್ತಾರೆ. ಶಬ್ದ ಜೋರಿರುವುದರಿಂದ ಕಿವಿಗೆ ಮುಚ್ಚಿಕೊಳ್ಳಲು ಕೇಳಿ. ಮೊದಲ ದಿನ ಯಂತ್ರ ನೋಡಿ ಬರಲು ಅವಕಾಶವಿದೆಯೇ, ಮಂಪರಿನ ಔಷಧ ಕೊಟ್ಟು ಮಾಡಬಹುದೇ ಎಂದು ವೈದ್ಯರನ್ನು ವಿಚಾರಿಸಿ.

ಏನನ್ನು ಬರೆದಿಡಬೇಕು?

ಚಿಕಿತ್ಸೆಯ ಅರ್ಧ ಕೆಲಸ ಬರವಣಿಗೆಯಲ್ಲಿದೆ. ಒಂದು ನೂರು ಪುಟದ ನೋಟ್‌ಬುಕ್ ಸಾಕು. ಪ್ರತಿ ಸಲ ಐದು ವಿಷಯ ಬರೆಯಿರಿ: ದಿನಾಂಕ ಮತ್ತು ಜಾಗ, ಏನಾಗುತ್ತದೆ ಎಂದು ಹೆದರಿದ್ದೆ, ಭಯದ ಅಂಕ (ಶುರುವಿನಲ್ಲಿ, ಹೆಚ್ಚೆಂದರೆ, ಕೊನೆಗೆ), ನಿಜವಾಗಿ ಏನಾಯಿತು, ಭಯ ಮುಚ್ಚಲು ಏನು ಮಾಡಿದೆ.

ಉದಾಹರಣೆಗೆ: "ಸೋಮವಾರ, ತುಂಗಾ ಸೇತುವೆ, ನಡೆದು. ಕಾಲು ಸೋತು ಬೀಳುತ್ತೇನೆ ಎಂದುಕೊಂಡಿದ್ದೆ. ಭಯ 6, 8, 4. ಬೀಳಲಿಲ್ಲ, ಕಾಲು ನಡುಗಿತು. ಅಕ್ಕನ ಕೈ ಬಿಗಿಯಾಗಿ ಹಿಡಿದಿದ್ದೆ." ಕೊನೆಯ ವಾಕ್ಯ ಮುಖ್ಯ. ಮುಂದಿನ ಮೆಟ್ಟಿಲು ಕೈ ಬಿಟ್ಟು ನಡೆಯುವುದು ಎಂದು ಅದೇ ಹೇಳುತ್ತದೆ. ಮೂರು ವಾರದ ನಂತರ "ಏನೂ ಕಡಿಮೆಯಾಗಿಲ್ಲ" ಎಂದು ಮನಸ್ಸು ಹೇಳಿದಾಗ ಅಂಕಗಳು ಬೇರೆ ಕಥೆ ಹೇಳಬಹುದು.

ವೈದ್ಯರ ದಾಖಲೆಯೂ ಸ್ಪಷ್ಟವಾಗಿರಬೇಕು. ಚೀಟಿಯಲ್ಲಿ ಬರೀ "ಟೆನ್ಷನ್" ಎಂದಿದ್ದರೆ ಮುಂದಿನ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ಯಾವ ಸನ್ನಿವೇಶ, ಎಷ್ಟು ಕಾಲ, ಓದು ಕೆಲಸಕ್ಕೆ ಏನು ತೊಂದರೆ, ಬೇರೆ ಯಾವ ಕಾಯಿಲೆ ಇಲ್ಲವೆಂದು ನೋಡಿದ್ದಾರೆ, ಯಾವ ಚಿಕಿತ್ಸೆ, ಎಷ್ಟು ಬೈಠಕ್ ಆಗಿದೆ ಎಂಬುದು ಇರಬೇಕು. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದ ಹತ್ತನೇ ಆವೃತ್ತಿಯಲ್ಲಿ ನಿರ್ದಿಷ್ಟ ಫೋಬಿಯಾಕ್ಕೆ ಎಫ್40.2, ಹನ್ನೊಂದನೇ ಆವೃತ್ತಿಯಲ್ಲಿ 6ಬಿ03 ಎಂಬ ಸಂಕೇತವಿದೆ. ಚೀಟಿಯಲ್ಲಿ ಅದು ಕಂಡರೆ ಗಾಬರಿ ಬೇಡ, ಅದು ಕಾಯಿಲೆಯ ಪಿನ್‌ಕೋಡ್ ಇದ್ದ ಹಾಗೆ.

ಮನೋವೈದ್ಯರ ಹತ್ತಿರ ಹೋದರೆ ಊರಿಗೆಲ್ಲ ಗೊತ್ತಾಗುತ್ತದೆ ಎಂಬ ಅಳುಕು ಅನೇಕರಿಗಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಕಲಂ ನಿಮ್ಮ ಚಿಕಿತ್ಸೆಯ ಮಾಹಿತಿಗೆ ಗೋಪ್ಯತೆಯ ಹಕ್ಕು ಕೊಟ್ಟಿದೆ. ಕಾನೂನು ಹೇಳಿದ ಕೆಲವು ಸಂದರ್ಭ ಬಿಟ್ಟರೆ ಅದನ್ನು ಹೊರಗೆ ಹೇಳುವಂತಿಲ್ಲ. 25ನೇ ಕಲಂ ನಿಮ್ಮ ದಾಖಲೆಯನ್ನು ನೀವು ಪಡೆಯುವ ಹಕ್ಕು ಕೊಡುತ್ತದೆ. 21ನೇ ಕಲಂ ಪ್ರಕಾರ ವಿಮಾ ಕಂಪನಿಗಳು ದೈಹಿಕ ಕಾಯಿಲೆಗೆ ಇರುವ ಆಧಾರದಲ್ಲೇ ಮಾನಸಿಕ ಕಾಯಿಲೆಯ ಚಿಕಿತ್ಸೆಗೂ ವಿಮೆ ಒದಗಿಸಬೇಕು. ಆದರೆ ನಿಮ್ಮ ಚೀಟಿಯ ಫೋಟೊವನ್ನು "ಯಾವ ಮಾತ್ರೆ ಇದು?" ಎಂದು ನೀವೇ ಗ್ರೂಪಿಗೆ ಹಾಕಿದರೆ ಯಾವ ಕಾನೂನೂ ಅದನ್ನು ಹಿಂದಕ್ಕೆ ತರಲಾರದು.

ಎಲ್ಲಿಗೆ ಹೋಗಬೇಕು?

ಮನಸ್ಸಿನ ಕಾಯಿಲೆಯ ಬಗ್ಗೆ ಬಹಿರಂಗವಾಗಿ ಮಾತಾಡುವುದು ಶಿವಮೊಗ್ಗಕ್ಕೆ ಹೊಸದಲ್ಲ. ಇಲ್ಲಿನ ಮನೋವೈದ್ಯ ಡಾ. ಅಶೋಕ ಪೈ ದಶಕಗಳ ಕಾಲ ಚಿಕಿತ್ಸೆಯ ಜೊತೆಗೆ ಕನ್ನಡದಲ್ಲಿ ಬರೆದು, ಮಾತಾಡಿ ಜನರ ಅಳುಕು ಕಡಿಮೆ ಮಾಡಿದರು. ನಿರ್ದೇಶಕ ಸುರೇಶ್ ಹೆಬ್ಳೀಕರ್ ಜೊತೆ ಸೇರಿ ಮನಸ್ಸಿನ ಸಮಸ್ಯೆಯನ್ನು ತೆರೆಗೂ ತಂದರು. 1988ರ "ಕಾಡಿನ ಬೆಂಕಿ" ಅದರಲ್ಲೊಂದು, ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಅವರು 2016ರಲ್ಲಿ ತೀರಿಕೊಂಡರು. ಇನ್ನು, ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮದೇ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗ.

ಶಿವಮೊಗ್ಗದವರು ವೈದ್ಯಕೀಯ ಕಾಲೇಜಿಗೆ ಸೇರಿದ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ವಿಚಾರಿಸಬಹುದು. ಭದ್ರಾವತಿಯವರು ಮೊದಲು ತಾಲ್ಲೂಕು ಸಾರ್ವಜನಿಕ ಆಸ್ಪತ್ರೆಯಲ್ಲಿ ಕೇಳಿ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಸೇವೆ ಒದಗಿಸುವ ವ್ಯವಸ್ಥೆ ರೂಪಿಸಲಾಗಿದೆ, ದಿನ ಖಚಿತಪಡಿಸಿಕೊಂಡು ಹೋಗಿ. ಆಸ್ಪತ್ರೆಗೆ ಹೋಗಲು ಸೇತುವೆ ದಾಟುವುದೇ ಕಷ್ಟ ಎನ್ನುವವರಿಗೆ ಫೋನ್ ಇದೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಮನೆಯವರು ಮಾಡಬೇಕಾದದ್ದು ಕಡಿಮೆ. "ಅಷ್ಟಕ್ಕೆಲ್ಲ ಹೆದರ್ತೀಯಾ?" ಎನ್ನಬೇಡಿ. ಹಾಗೆಯೇ ಅವರ ಬದಲು ಎಲ್ಲ ಕೆಲಸವನ್ನೂ ನೀವೇ ಮಾಡಿಕೊಟ್ಟು ಮನೆಯಲ್ಲಿ ಕೂರಿಸಲೂ ಬೇಡಿ. ಇವತ್ತಿನ ಮೆಟ್ಟಿಲು ಯಾವುದು ಎಂದು ಕೇಳಿ, ಅವರು ಕರೆದರೆ ಜೊತೆಗೆ ಹೋಗಿ.

ಗ್ರೂಪಿಗೆ ಕಳಿಸುವುದಾದರೆ ಇಷ್ಟು ಕಳಿಸಿ: ಲಿಫ್ಟ್, ಸೇತುವೆ, ಬಸ್, ವಿಮಾನದ ಅತಿಯಾದ ಭಯ ದೆವ್ವವೂ ಅಲ್ಲ, ಹೇಡಿತನವೂ ಅಲ್ಲ. ಅದಕ್ಕೆ ಹಂತ ಹಂತದ ಚಿಕಿತ್ಸೆ ಇದೆ. ಯಾರನ್ನೂ ಬಲವಂತವಾಗಿ ತಳ್ಳಬೇಡಿ. ಮೊದಲ ಸಲದ ಎದೆನೋವಿಗೆ ಆಸ್ಪತ್ರೆಗೆ ಹೋಗಿ. ಮಾತಾಡಲು 14416.